ನನ್ನ ಸಾವಿಗೆ ಬಂದ ಓದುಗರು

ಕಾಮಾಲೆಯಾಗಿ ಎರಡು ತಿಂಗಳು ನಾನು ಹಾಸಿಗೆ ಹಿಡಿದಾಗ ನನ್ನ ಹೆಂಡತಿ ವಂದನಾ ಮೊಬೈಲಿನಲ್ಲಿ ಬರೆಯತೊಡಗಿದಳು. ಬನಹಟ್ಟಿಯ ಮಗ್ಗದ ಸಪ್ಪಳದಲ್ಲಿ ಬೆಳೆದವಳಿಗೆ ಇದೆಂಥ ಚಟವೋ ಎಂದುಕೊಂಡೆ. ಮುಧೋಳ, ಬೀಳಗಿ ಕಡೆಯ ಹೆಣ್ಣುಮಕ್ಕಳದೊಂದು ವಾಟ್ಸಾಪ್ ಗುಂಪು. ಹೆಚ್ಚೆಂದರೆ ಮೂವತ್ತು ಜನ. ನನ್ನ ವಾಂತಿ, ನನ್ನ ಗಂಜಿ, ನನ್ನ ಸಿಟ್ಟು ಎಲ್ಲ ಅಲ್ಲಿಗೆ ಹೋಗುತ್ತಿತ್ತು. ಓದಿದವರು ಅತ್ತು ಇವಳಿಗೆ ಧೈರ್ಯ ಹೇಳುತ್ತಿದ್ದರು. ಮನೆಯಲ್ಲಿ ಇವಳ ಮಾತು ಕೇಳುವವರಿರಲಿಲ್ಲ. ನಾನಂತೂ ಕೇಳಿದವನಲ್ಲ.

ನನ್ನದು ಗಟ್ಟಿ ಜೀವ, ಎದ್ದು ಕುಳಿತೆ. ಅಲ್ಲಿಗೆ ಓದುವವರೂ ಮುಗಿದರು. ಪಲ್ಯದ ಬಗ್ಗೆ ಬರೆದಳು, ಮಗ್ಗದ ಬಗ್ಗೆ ಬರೆದಳು. ಇಬ್ಬರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಆಗ ಒಂದು ಸೋಮವಾರ ಇವಳು ನನ್ನನ್ನು ಸಾಯಿಸಿದಳು. ಎದೆನೋವು ಬಂದು ಅರ್ಧ ತಾಸಿನಲ್ಲಿ ಹೋದೆನಂತೆ.

ನನಗದು ಗೊತ್ತಾದದ್ದು ಬುಧವಾರ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಟಂಟಂ ಆಟೋ ಬಂದು ನಿಂತು ನಾಲ್ವರು ಹೆಂಗಸರು ಇಳಿದರು, ಕೈಯಲ್ಲಿ ರೊಟ್ಟಿಯ ಗಂಟು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನಮ್ಮ ಕಡೆ ಹೊರಗಿನವರು ಹೀಗೆ ಬುತ್ತಿ ತರುತ್ತಾರೆ.

“ವಂದನಾ ಅವರ ಮನಿ ಇದೇನ್ರಿ? ನಾವು ಬರಹದ ಗುಂಪಿನವ್ರು,” ಎಂದಳು ಅವರಲ್ಲಿ ಹಿರಿಯಳಾದ ಹಾಲವ್ವ.

ವಂದನಾ ಬಾಗಿಲಿಗೆ ಬಂದಳು. ಬೆಳಿಗ್ಗೆ ಹಣೆಯಲ್ಲಿದ್ದ ಕುಂಕುಮ ಇರಲಿಲ್ಲ. ತಾಳಿ ಸೆರಗಿನೊಳಗೆ ಸೇರಿತ್ತು.

ಹಾಲವ್ವ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. “ಯಜಮಾನ್ರು ಹಿಂಗ ಹೋಗಬಾರ್ದಿತ್ತವ್ವಾ. ನನ್ನ ಗಂಡ ಹೋದಾಗ ಯಾರೂ ಬುತ್ತಿ ತಂದಿರಲಿಲ್ಲ. ಅದಕ್ಕ ನಾ ಬಂದೆ ತಂಗಿ.”

ಹಾಲವ್ವನ ಬೆನ್ನ ಹಿಂದಿನಿಂದ ವಂದನಾ ನನಗೆ ಕೈಮುಗಿದಳು. ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ.

ಹಾಲವ್ವ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. “ಅಣ್ಣಾರ, ನೀವು ಏನಾಗಬೇಕ್ರಿ?”

ಭಾವ ಎಂದಿದ್ದರೆ ಸಾಕಿತ್ತು. ಆದರೆ ಆ ಬೋಳು ಹಣೆ ಕಣ್ಣೆದುರಿಗೇ ಇತ್ತು.

“ಆಕಿ ಗಂಡ,” ಎಂದೆ. “ಆರಾಮ ಅದೀನಿ, ನೋಡ್ರಿ.”

ಯಾರೂ ಬೈಯಲಿಲ್ಲ. ಹಾಲವ್ವ ಮಾತ್ರ ವಂದನಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಸಾವಿನ ಮನೆಗೆ ತಂದ ಬುತ್ತಿಯನ್ನು ತಿರುಗಿ ಒಯ್ಯಬಾರದು. ಗಂಟನ್ನು ಕಟ್ಟೆಯ ಮೇಲಿಟ್ಟು ಉಳಿದವರೊಂದಿಗೆ ಟಂಟಂ ಹತ್ತಿದಳು. ಅದು ಓಣಿ ದಾಟುವಷ್ಟರಲ್ಲಿ ಇವಳನ್ನು ಗುಂಪಿನಿಂದ ತೆಗೆದಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ಖುಷಿಯೇ ಆಯಿತು.

ವಂದನಾ ಅಳಲಿಲ್ಲ. ಗಂಟು ಬಿಚ್ಚಿ, ಅಲ್ಲೇ ಹೊಸ್ತಿಲಲ್ಲಿ ಕುಳಿತು ರೊಟ್ಟಿ ಮುರಿದಳು. ನಾನು ಕೈ ಚಾಚಿದೆ.

“ನಿಮಗಲ್ಲ. ಇದು ನನಗ ತಂದ ಬುತ್ತಿ.”

“ಭಾಳ ಆತು. ಎದ್ದು ಹಣಿಗಿ ಕುಂಕುಮ ಹಚ್ಕೋ.”

“ಯಾರ ಹೆಸರಿಲೆ?” ಎಂದು ಕೇಳಿ ಇನ್ನೊಂದು ತುತ್ತು ಮುರಿದಳು.