ಸಾವಿರದ ಹನ್ನೆರಡು ಕಿಲೋಮೀಟರ್

ಅಣ್ಣ ಗಾಡಿಯ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಕೊಟ್ಟ.

"ಸಹಿ ಹಾಕು ತಂಗಿ. ಆರು ಗಂಟೆಗೆ ಕ್ಲಬ್ಬಿನ ಬಾಗಿಲು ಮುಚ್ತಾರೆ."

ಗೋಡೆ ಗಡಿಯಾರದಲ್ಲಿ ಮೂರೂವರೆ. ಗ್ಯಾರೇಜಿನ ಶಟರಿನಾಚೆ ಅವನ ಹೊಸ ಪಿಕಪ್ ಟ್ರಕ್ಕು ನಿಂತಿತ್ತು. ಬಿಸಿ ಎಂಜಿನ್ನು ಟಿಣ್ ಟಿಣ್ ಎಂದು ಆರುತ್ತಿತ್ತು. ಮುಂದಿನ ಸೀಟಿನಲ್ಲಿ ಅತ್ತಿಗೆ ಕೂತಿದ್ದಳು. ಯಾವತ್ತೂ ಮೊದಲು ಇಳಿದು ಬಂದು ನನ್ನ ಕೈಯ ಗ್ರೀಸಿಗೆ ಮೂಗು ಮುರಿಯುವವಳು ಇವತ್ತು ಇಳಿಯಲೇ ಇಲ್ಲ.

ಭಾನುವಾರ ಬೆಟ್ಟದ ದಾರಿಯ ಓಟ. ಹೊಸ ಗಾಡಿಯಾದರೆ ಅದು ಸಾವಿರ ಕಿಲೋಮೀಟರ್ ಹದವಾಗಿ ಓಡಿ ಪಳಗಿರಬೇಕು, ಪಳಗಿದ್ದು ಪುಸ್ತಕದಲ್ಲಿ ಬರೆದಿರಬೇಕು, ಕೊನೆಗೆ ಒಬ್ಬ ಮೆಕ್ಯಾನಿಕ್‌ನ ಸಹಿ ಇರಬೇಕು. ಇದು ಕ್ಲಬ್ಬಿನ ನಿಯಮ. ನಮ್ಮ ಗಾಡಿಗಳಿಗೆ ಆ ಮೆಕ್ಯಾನಿಕ್ ನಾನೇ. ನನ್ನ ಸಹಿ ಅಂದರೆ, ಈ ಗಾಡಿಯ ಪೆಡಲನ್ನು ತಳದವರೆಗೆ ತುಳಿದರೂ ಅದು ತಡೆದುಕೊಳ್ಳುತ್ತದೆ ಎಂಬ ಮಾತು. ಓಟದಲ್ಲಿ ಅಣ್ಣ ಸ್ಟಿಯರಿಂಗ್ ಹಿಡಿದರೆ ಅತ್ತಿಗೆ ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಓದಿ ಹೇಳುತ್ತಾಳೆ. ಹಾಗಾಗಿ ಆ ಸಹಿ ಗಾಡಿಗಷ್ಟೇ ಅಲ್ಲ, ಇಬ್ಬರ ಜೀವಕ್ಕೆ.

ಅಣ್ಣ ಹಳೇ ಗಾಡಿಯಲ್ಲೇ ಹನ್ನೆರಡು ವರ್ಷ ಓಟಕ್ಕೆ ಇಳಿದ. ಅದರಲ್ಲಿ ಒಂಬತ್ತು ವರ್ಷ ಮೂರನೇ ಸ್ಥಾನ. ಅಪ್ಪನಿಗೆ ಒಬ್ಬನೇ ಮಗನಾದರೂ ಊರಿಗೆಲ್ಲ ಅವನು 'ಮೂರನೇ ಅಣ್ಣ'. ಆ ಹೆಸರನ್ನು ತೊಳೆದುಕೊಳ್ಳಲೆಂದೇ ಈ ಟ್ರಕ್ಕು ಕೊಂಡ. ಇದಕ್ಕೆ ಸೂಪರ್‌ಚಾರ್ಜರ್ ಇದೆ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಹೊಟ್ಟೆಗೆ ತುಂಬುವ ಯಂತ್ರ. ಪೆಡಲ್ ಒತ್ತಿದರೆ ಸಿಳ್ಳೆ ಹಾಕುತ್ತದೆ. ಅಷ್ಟು ಗಾಳಿ ಕುಡಿಯುವ ಎಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರ್ ಬಾಲ್ಯವಿದ್ದಂತೆ. ಆಗ ಕಲಿತದ್ದು ಕೊನೆತನಕ.

ಪುಸ್ತಕ ತೆರೆದೆ. ಸೋಮವಾರ: ತೊಂಬತ್ತಾರು ಕಿಲೋಮೀಟರ್, ನನ್ನದೇ ಕೈಬರಹ. ಅದರ ಕೆಳಗೆ ಅಣ್ಣನ ಅಕ್ಷರ. ಶುಕ್ರವಾರ: ಸಾವಿರದ ಹನ್ನೆರಡು.

"ನಾಲ್ಕೇ ದಿನದಲ್ಲಿ ಇಷ್ಟು ಓಡಿಸಿದ್ಯಾ?"

"ಮಾವನ ಮನೆಗೆ ಹೋಗಿ ಬಂದೆ. ಎರಡು ಸಲ."

"ಒಂದೇ ದಿನಕ್ಕೆ ಸಾಕಪ್ಪಾ ಅಂತ ಓಡಿಬರೋ ಮಾವನ ಮನೆಗೆ ಎರಡೆರಡು ಸಲ?"

"ಅಯ್ಯೋ, ನೀನೇನು ಪೊಲೀಸಾ? ಸಹಿ ಹಾಕಮ್ಮ."

ನಾನು ಮಾತಿಗೆ ನಿಲ್ಲುವವಳಲ್ಲ. ಎದ್ದು ಗಾಡಿಯ ಸುತ್ತ ಒಂದು ಬಾರಿ ನಡೆದೆ. ಮುಂದಿನ ಜಾಲರಿಯನ್ನು ಬೆರಳಿನಿಂದ ಸವರಿದೆ. ಒಂದೇ ಒಂದು ಹುಳ ಅಂಟಿರಲಿಲ್ಲ. ಒಂಬೈನೂರು ಕಿಲೋಮೀಟರ್ ಓಡಿದ ಗಾಡಿಯ ಮೂತಿಗೆ ಒಂದು ಸೊಳ್ಳೆಯೂ ಬಡಿಯಲಿಲ್ಲವೇ? ಬಗ್ಗಿ ಟೈರು ನೋಡಿದೆ. ಹೊಸ ಟೈರಿನ ಮೈಮೇಲೆ ಕೂದಲಿನಂಥ ರಬ್ಬರಿನ ಎಳೆಗಳಿರುತ್ತವೆ, ರಸ್ತೆಗೆ ತಾಗಿ ತಾಗಿ ಸವೆದು ಹೋಗುತ್ತವೆ. ಇಲ್ಲಿ ನೆಲಕ್ಕೆ ತಾಗುವ ಅಂಚಿನಲ್ಲೂ ಸುಮಾರು ಎಳೆಗಳು ಹಾಗೇ ನಿಂತಿದ್ದವು, ಈಗಷ್ಟೇ ಚಿಗುರಿದ ಮೀಸೆಯಂತೆ. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದೆ. ಎಣ್ಣೆ ಕೆಳಗಿನ ಗೆರೆಗೆ ಬಂದಿತ್ತು.

ಆಗಲೇ ನನಗೆ ಗೊತ್ತಾಯಿತು. ಗಾಡಿ ನಿಂತಲ್ಲೇ ಓಡಿದೆ.

ಹಿಂದಿನ ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಗೇರಿಗೆ ಹಾಕಿ ಬಿಟ್ಟರೆ ಮೀಟರಿಗೆ ರಸ್ತೆ ಯಾವುದು ಗಾಳಿ ಯಾವುದು ತಿಳಿಯುವುದಿಲ್ಲ. ಎಂಜಿನ್ನಿಗೆ ಮಾತ್ರ ತಿಳಿಯುತ್ತದೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಒಗ್ಗಬೇಕಾದರೆ ಹೊರೆ ಬೇಕು. ಏರಬೇಕು, ಇಳಿಯಬೇಕು, ಬಿಗಿಯಬೇಕು, ಬಿಡಬೇಕು. ಹೊರೆಯಿಲ್ಲದೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ತಿರುಗಿದರೆ ಗೋಡೆ ಗಾಜಿನಂತೆ ನುಣುಪಾಗಿ, ಎಣ್ಣೆ ಮೇಲೇರಿ ಸುಡುತ್ತದೆ. ಅಂಥ ಎಂಜಿನ್ನಿಗೆ ಭಾನುವಾರ ಆ ಗಾಳಿಯನ್ನೆಲ್ಲ ತುಂಬಿದರೆ ಬೆಟ್ಟದ ಅರ್ಧ ದಾರಿಯಲ್ಲಿ ಏನಾಗುತ್ತದೋ ದೇವರೇ ಬಲ್ಲ.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನ ಬಾಯಿಂದಲೇ ಬರಲಿ ಅನ್ನಿಸಿತು.

"ಒಂದು ಸುತ್ತು ಬೆಟ್ಟದ ದಾರೀಲಿ ಹೋಗಿಬರೋಣ. ಹೊರೆ ಬಿದ್ದಾಗ ಹೇಗೆ ಕೇಳುತ್ತೆ ನೋಡ್ಬೇಕು. ಆಮೇಲೆ ಸಹಿ."

"ಕಿವಿ ಪರೀಕ್ಷೆನಾ? ಬಾ ಬಾ." ಅವನ ಮುಖ ಸಡಿಲವಾಯಿತು. "ನಿನ್ನ ಕಿವಿಗೂ ಒಂದು ಸಲ ಸಂಗೀತ ಕೇಳಿಸ್ತೀನಿ."

ಆ ಕಿವಿ ಅಪ್ಪ ಕೊಟ್ಟದ್ದು. ಪ್ರತಿ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಪದ್ಯ ಓದುತ್ತಿದ್ದರು. ಅಣ್ಣನಿಗೆ ಕತೆ ಬೇಕಿತ್ತು, ನನಗೆ ಪದ್ಯದ ಲಯ ಸಾಕಿತ್ತು. ತೊಡೆಯ ಮೇಲೆ ಬೆರಳು ಬಡಿಯುತ್ತ ಕೂರುತ್ತಿದ್ದೆ. ಒಂದು ಮಾತ್ರೆ ಕಡಿಮೆ ಬಿದ್ದರೆ ಬೆರಳು ತಾನಾಗಿ ನಿಲ್ಲುತ್ತಿತ್ತು. ಅಪ್ಪ ಓದು ನಿಲ್ಲಿಸಿ, "ಎಲ್ಲಿ ತಪ್ಪಿದೆ ಮಗಳೇ?" ಎಂದು ಕೇಳುತ್ತಿದ್ದರು. ದೊಡ್ಡವರು ಚಿಕ್ಕವರನ್ನು ಹಾಗೆ ಕೇಳಬಹುದು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಅಣ್ಣ ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದ.

ಹಿಂದಿನ ಸೀಟಿನಲ್ಲಿ, ಎಡಗಡೆ ಕೂತೆ. ಹೊರಡುವ ಮುನ್ನ ನಾನೊಂದು ತಪ್ಪು ಮಾಡಿದ್ದೆ. ನನ್ನದೇ ಪಟ್ಟಿಯಲ್ಲಿ, ನನ್ನದೇ ಕೈಯಲ್ಲಿ ಬರೆದದ್ದಿದೆ: ಗಾಡಿ ರಸ್ತೆಗೆ ಬಿಡುವ ಮುನ್ನ ಚಕ್ರದ ನಟ್ಟುಗಳನ್ನು ನೋಡು. ನನ್ನ ತಲೆ ಪೂರ್ತಿ ಎಂಜಿನ್ನಿನೊಳಗೆ ಹೊಕ್ಕಿತ್ತು. ನೋಡಲಿಲ್ಲ.

ಊರು ದಾಟಿ ಏರು ಶುರುವಾಯಿತು. "ಅರ್ಧ ಪೆಡಲ್ ಮೇಲೆ ಹೋಗಬೇಡ" ಅಂದಿದ್ದೆ. ಮೊದಲ ಐದಾರು ತಿರುವು ಅಣ್ಣ ಮಾತು ಕೇಳಿದ. ಅತ್ತಿಗೆ ಕಿಟಕಿಯಾಚೆಗೇ ನೋಡುತ್ತಿದ್ದಳು. ಮಡಿಲಲ್ಲಿ ತಿರುವುಗಳನ್ನು ಬರೆದಿಟ್ಟ ವಹಿ ಇತ್ತು, ಬೆರಳು ಅದರ ಅಂಚನ್ನು ಮಡಿಸುವುದು, ಬಿಡಿಸುವುದು.

"ಅತ್ತಿಗೆ, ತವರಲ್ಲಿ ಎಲ್ಲ ಚೆನ್ನಾಗಿದ್ದಾರಾ?"

ಅವಳು ಗಂಡನ ಕಡೆ ನೋಡಿದಳು. "ಹ್ಞೂ… ಇದ್ದಾರೆ."

ಹಿಂದಿನಿಂದ ಹಾರ್ನು. ಬೇಕರಿಯವನ ವ್ಯಾನು ಪಕ್ಕಕ್ಕೆ ಬಂತು. ಕಳೆದ ವರ್ಷದ ಓಟದಲ್ಲಿ ಎರಡನೆಯವನಾದ ಆಸಾಮಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ ಮೂರನೇ ಅಣ್ಣಾ! ರೊಟ್ಟಿ ಗಾಡಿಗೂ ದಾರಿ ಬಿಟ್ಟುಕೊಡೋಕೆ ಇಷ್ಟು ದುಡ್ಡು ಸುರಿದ್ಯಾ?"

ಅಣ್ಣನ ಕಿವಿ ಕೆಂಪಾಯಿತು. ಪೆಡಲ್ ತಳ ಮುಟ್ಟಿತು. ಸೂಪರ್‌ಚಾರ್ಜರಿನ ಸಿಳ್ಳೆ ಎದ್ದು ಬೆನ್ನು ಸೀಟಿಗೆ ಅಂಟಿತು. ವ್ಯಾನು ಹಿಂದಕ್ಕೆ ಜಾರಿ ಹೋಯಿತು. ಗುಡ್ಡದ ನೆತ್ತಿ ದಾಟಿ ಗಾಡಿ ಇಳಿಜಾರಿಗೆ ಬಿತ್ತು.

ಆ ಸಿಳ್ಳೆಯ ಕೆಳಗೆ ಏನೋ ಕೇಳಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ನನ್ನ ಬೆರಳು ನಿಂತಿತು.

ಟಕ್. ಟಕ್. ಟಕ್. ನನ್ನ ಸೀಟಿನ ಕೆಳಗಿಂದಲೇ.

"ಅಣ್ಣ, ಕಾಲು ತೆಗಿ."

"ಕೇಳಿಸ್ತಾ? ಹ್ಯಾಗಿದೆ?"

"ಕಾಲು ತೆಗಿ. ಏನೋ ಬಡೀತಿದೆ."

"ಬೆಲ್ಟು ಕಣೇ. ಹೊಸದಲ್ವಾ, ಕೂತ್ಕೊಳುತ್ತೆ."

"ನ್ಯೂಟ್ರಲ್‌ಗೆ ಹಾಕು, ಒಂದೇ ಕ್ಷಣ."

ಗೊಣಗುತ್ತ ಹಾಕಿದ. ಎಂಜಿನ್ನು ಇಳಿದು ಗುರುಗುಟ್ಟತೊಡಗಿತು. ಸಿಳ್ಳೆ ನಿಂತಿತು. ಬೆಲ್ಟಾಗಿದ್ದರೆ ಆ ಬಡಿತವೂ ಎಂಜಿನ್ನಿನ ಜೊತೆ ಇಳಿಯಬೇಕಿತ್ತು. ಇಳಿಯಲಿಲ್ಲ. ಟಕ್ ಟಕ್ ಟಕ್, ಚಕ್ರದ ಲೆಕ್ಕಕ್ಕೇ ಬಡಿಯುತ್ತಿತ್ತು. ಒಂದು ಎಡ ತಿರುವಿನಲ್ಲಿ ಪೂರ್ತಿ ನಿಂತು, ಬಲ ತಿರುವಿನಲ್ಲಿ ಇಮ್ಮಡಿಯಾಗಿ ಬಂತು. ನನ್ನ ಅಂಗಾಲಿನ ಕೆಳಗೆ ನೆಲ ನಡುಗುತ್ತಿತ್ತು.

"ಅಣ್ಣ, ಚಕ್ರ! ಹಿಂದಿನ ಎಡಗಡೆ ಚಕ್ರ. ನಿಲ್ಸು!"

"ಹೆದರಿಸಬೇಡ್ವೇ! ಹೊಸ ಗಾಡಿಗೆ ಚಕ್ರ ಏನಾಗುತ್ತೆ? ಸಹಿ ಹಾಕೋಕೆ ಮನಸ್ಸಿಲ್ಲ ಅಂದ್ರೆ ಹಾಗೇ ಹೇಳು." ಗೇರು ಮತ್ತೆ ಬಿತ್ತು. "ಬೇಕರಿಯವನು ಹಿಂದೇನೇ ಇದ್ದಾನೆ, ಕೆಳಗಿನ ಸೇತುವೆ ಹತ್ರ ನಿಲ್ಲಿಸ್ತೀನಿ."

ಸೇತುವೆಗೆ ಇನ್ನೂ ನಾಲ್ಕು ತಿರುವು. ಬಲಗಡೆ ಗುಡ್ಡದ ಗೋಡೆ, ಎಡಗಡೆ ಮೊಣಕಾಲೆತ್ತರದ ಕಲ್ಲುಗಳು, ಅವುಗಳಾಚೆ ಬರೀ ಆಕಾಶ. ನನ್ನ ಬಾಯಿಗೆ ದೇವರ ಹೆಸರು ಬಂತು.

ಆಗ ಅತ್ತಿಗೆ ವಹಿ ತೆರೆದಳು.

ಅವಳ ಓದುವ ದನಿಯೇ ಬೇರೆ. ಮನೆಯಲ್ಲಿ "ರೀ, ಸ್ವಲ್ಪ ನೋಡ್ತೀರಾ" ಅನ್ನುವವಳು ಓದುವಾಗ ಏರಿಳಿತವಿಲ್ಲದೆ, ಗೌರವ ಗಿರವ ಇಲ್ಲದೆ, ಕಲ್ಲು ಜೋಡಿಸಿದಂತೆ ಓದುತ್ತಾಳೆ. ಹನ್ನೆರಡು ವರ್ಷದಿಂದ ಅವರಿಬ್ಬರ ನಡುವೆ ಒಂದೇ ಕಟ್ಟಳೆ: ಓದುವವರ ಜೊತೆ ವಾದವಿಲ್ಲ. ಮಂಜು ಕವಿದು ರಸ್ತೆ ಕಾಣದಿದ್ದರೂ ಅವಳು 'ಎಡ' ಅಂದರೆ ಅಣ್ಣನ ಕೈ ಎಡಕ್ಕೆ. ಕಣ್ಣಿಗಿಂತ ಮುಂಚೆ ಕಿವಿ.

"ಕಾಲು ಬಿಡು," ಅವಳು ಓದಿದಳು. ವಹಿಯ ಆ ಪುಟ ಖಾಲಿಯಿತ್ತು, ನನಗೆ ಹಿಂದಿನಿಂದ ಕಾಣುತ್ತಿತ್ತು. "ಬಲ, ಮೆಲ್ಲಗೆ. ನಡು ಹಿಡಿ. ಬ್ರೇಕ್, ಕಾಲು ಭಾಗ. ಇನ್ನೂ. ಇನ್ನೂ. ನೇರ ಐವತ್ತು. ಬಲಕ್ಕೆ ಮಣ್ಣಿನ ಜಾಗ. ಅಲ್ಲಿಗೆ. ನಿಲ್ಲು."

ಅಣ್ಣನ ಕೈಕಾಲು ಅವಳ ಮಾತಿನ ಹಿಂದೆಯೇ ಹೋದವು. ಕೊನೆಯ ಹತ್ತು ಗಜದಲ್ಲಿ ಗಾಡಿಯ ಹಿಂಬದಿ ಕುಡಿದವನಂತೆ ವಾಲಾಡಿತು. ಕಲ್ಲುಪುಡಿಯ ಮೇಲೆ ಚಕ್ರ ಕೊರೆದು ಸದ್ದಾಯಿತು. ನಿಂತಿತು.

ಬೇಕರಿಯವನು ಹಾರ್ನು ಬಾರಿಸುತ್ತ ಹೋದ. ಯಾರೂ ಅತ್ತ ನೋಡಲಿಲ್ಲ.

ಇಳಿದು ಹೋಗಿ ಬಗ್ಗಿದೆ. ಹಿಂದಿನ ಎಡ ಚಕ್ರ ಓರೆಯಾಗಿ ನಿಂತಿತ್ತು. ಆರು ನಟ್ಟುಗಳಲ್ಲಿ ಎರಡು ಇರಲೇ ಇಲ್ಲ. ಮೂರನ್ನು ಬೆರಳಲ್ಲೇ ತಿರುಗಿಸಿ ತೆಗೆದೆ, ಬಿಸಿಯಾಗಿ ಸುಡುತ್ತಿದ್ದವು. ಇಷ್ಟು ದೂರ ನಮ್ಮನ್ನು ಹಿಡಿದುಕೊಂಡು ಬಂದದ್ದು ಆರನೆಯದೊಂದೇ, ಅದರ ಬೋಲ್ಟು ಕೂಡ ಬಾಗಿತ್ತು. ಆ ಮೂರನ್ನೂ ಅಣ್ಣನ ಅಂಗೈ ಮೇಲಿಟ್ಟೆ. ಅವನು ಅವುಗಳನ್ನೇ ನೋಡುತ್ತ ನಿಂತ. ಆಮೇಲೆ ಕಲ್ಲುಗಳಾಚೆಯ ಆಕಾಶ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿ, ಅಲ್ಲೇ ಮಣ್ಣಿನ ಮೇಲೆ ಕೂತ.

"ಷೆಡ್ಡಿನಲ್ಲಿ ಓಡಿಸಿದೆ," ಅಂದ. "ಸ್ಟ್ಯಾಂಡ್ ಮೇಲೆ. ಹದಿನೈದು ಗಂಟೆ."

"ಗೊತ್ತು. ಚಕ್ರ ಯಾಕೆ ಬಿಚ್ಚಿದೆ?"

"ತಿರುಗಿದ್ರೆ ಷೆಡ್ಡಿನ ಧೂಳೆಲ್ಲ ಎದ್ದು ಪೇಂಟ್ ಮೇಲೆ ಕೂರುತ್ತಲ್ಲ ಅಂತ ಹಿಂದಿನವೆರಡೂ ತೆಗೆದಿಟ್ಟೆ. ಇವತ್ತು ಬೆಳಿಗ್ಗೆ ಹಾಕಿದೆ. ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿಯೋಕೆ ಆಗಲ್ಲ, ಚಕ್ರ ಸುತ್ತುತ್ತೆ. ಇಳಿಸಿದ ಮೇಲೆ ಬಿಗಿಯೋಣ ಅಂದ್ಕೊಂಡೆ. ಬಲಗಡೇದು ಬಿಗಿದೆ. ಅಷ್ಟರಲ್ಲಿ ಕ್ಲಬ್ಬಿನಿಂದ ಫೋನ್ ಬಂತು, ಆರು ಗಂಟೆಗೆ ಕೊನೆ ಅಂತ…"

"ಪೇಂಟು ಉಳೀತು ಬಿಡಿ," ಅಂದಳು ಅತ್ತಿಗೆ. ಈಗ ಅವಳ ದನಿ ನಡುಗುತ್ತಿತ್ತು. "ಮೂರು ದಿನ ಮನೆ ಹಿಂದೆ ಗಿರಣಿ ಇಟ್ಟ ಹಾಗೆ ಸದ್ದು. ಇವರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ರು. 'ತಂಗಿಗೆ ಹೇಳಬೇಡ' ಅಂದ್ರು. ನಾನೂ ಹೇಳ್ಲಿಲ್ಲ. ನನ್ನ ಬಾಯಿಗೆ ಬೆಂಕಿ ಹಾಕ."

"ನಟ್ಟು ನೋಡಬೇಕಾದವಳು ನಾನು," ಅಂದೆ. "ನೋಡ್ಲಿಲ್ಲ."

ಎಳೆದೊಯ್ಯುವ ಗಾಡಿಗೆ ಫೋನ್ ಮಾಡಿದೆ. ಅದು ಬರುವವರೆಗೆ ಮೂವರೂ ಸಾಲಾಗಿ ಗೋಡೆಗೊರಗಿ ಕೂತೆವು. ಅಣ್ಣ ನಟ್ಟುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದ.

ಗ್ಯಾರೇಜಿಗೆ ಬಂದಾಗ ಐದು ಇಪ್ಪತ್ತು. ಪುಸ್ತಕ ತೆರೆದಲ್ಲೇ ಇತ್ತು, ಪೆನ್ನಿನ ಮುಚ್ಚಳವೂ ಹಾಕಿರಲಿಲ್ಲ. ಕ್ಲಬ್ಬು ಹತ್ತು ನಿಮಿಷದ ದಾರಿ. ಒಬ್ಬರೂ ಬಾಯಿ ಬಿಡದಿದ್ದರೆ, ಹೊಸ ಬೋಲ್ಟು ಹಾಕಿ ನಾಳೆ ಸಂಜೆಯೊಳಗೆ ಗಾಡಿ ಭಾನುವಾರಕ್ಕೆ ಸಿದ್ಧ. ಮೂವರಿಗೂ ಅದು ಗೊತ್ತಿತ್ತು. ಅಣ್ಣ ಗಡಿಯಾರ ನೋಡಿದ. ನಾನು ಪೆನ್ನು ಮುಟ್ಟಲಿಲ್ಲ.

ಅವನೇ ಎತ್ತಿಕೊಂಡ. ಪುಟದ ಮೇಲೆ ಬಗ್ಗಿದ. ಆಮೇಲೆ ಸಾವಿರದ ಹನ್ನೆರಡರ ಮೇಲೆ ಗೆರೆ ಎಳೆದು, ಕೆಳಗೆ ಏನೋ ಬರೆದು, ಪುಸ್ತಕವನ್ನು ಅತ್ತಿಗೆಯ ಕಡೆ ತಿರುಗಿಸಿದ.

"ಓದು," ಅಂದ.

ಅವಳು ಓದಿದಳು, ವಹಿ ಓದುವ ಅದೇ ದನಿಯಲ್ಲಿ. "ರಸ್ತೆ ಮೇಲೆ ಓಡಿದ್ದು ನೂರ ಹತ್ತೊಂಬತ್ತು. ಉಳಿದದ್ದು ಷೆಡ್ಡಿನಲ್ಲಿ, ಹೊರೆಯಿಲ್ಲದೆ. ಎಣ್ಣೆ ಕಡಿಮೆಯಾಗಿದೆ. ಎಂಜಿನ್ ನೋಡಬೇಕು. ಈ ವರ್ಷ ಓಟಕ್ಕಿಲ್ಲ."

ಯಾರೂ ವಾದಿಸಲಿಲ್ಲ.

ನಾನು ಅದರ ಕೆಳಗೆ ಸಹಿ ಹಾಕಿದೆ. ಅವನ ಬರಹದಲ್ಲಿ ಎಲ್ಲೂ ಮಾತ್ರೆ ತಪ್ಪಿರಲಿಲ್ಲ.

"ಸಾವಿರಕ್ಕೆ ಇನ್ನು ಎಂಟುನೂರ ಎಂಬತ್ತೊಂದು," ಅಣ್ಣ ಮೂಗು ಒರೆಸಿಕೊಂಡ. "ಏರು ಇಳಿವು ಎಲ್ಲ ನೋಡಿ ಓಡಿಸಬೇಕು ಅಂದ್ರೆ… ಮಾವನ ಮನೆಗೆ ನಿಜವಾಗಲೂ ಎರಡು ಸಲ ಹೋಗಬೇಕಾಗುತ್ತೆ."

"ಮೂರು ಸಲ," ಅಂದಳು ಅತ್ತಿಗೆ.