ಪುಕ್ಕಟೆ ಸೊಪ್ಪು

"ಥೂ ನಿನ್ನ! ಅದೇನು ಕೈಯೇ ಅದು? ನೀನು ಮುಟ್ಟಿದ್ದು ಒಂದಾದ್ರೂ ಬದುಕ್ತದೇನೇ, ದರಿದ್ರ ಮುಂಡೆ!"

ಧಣಿ ಜೋಳದ ಸಸಿಯೊಂದನ್ನು ಕಿತ್ತು ನನ್ನ ಮುಖಕ್ಕೇ ಎಸೆದರು. ಎತ್ತಿಕೊಂಡು ನೋಡಿದೆ. ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಬೇರು ಕಂದುಬಣ್ಣಕ್ಕೆ ತಿರುಗಿ ಸುಟ್ಟ ಕೂದಲಿನ ಹಾಗೆ ಮುರುಟಿಕೊಂಡಿತ್ತು. ಹೊಲದ ತುಂಬ ಇದೇ ಕಥೆ. ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಗಿಡಕ್ಕೆ ಬದುಕೇ ಸಾಕಾಗಿಬಿಡುತ್ತಿತ್ತು.

ಬೇಲಿಗೆ ಅಂಟಿಕೊಂಡೇ ಹಳೆ ಬ್ಯಾಟರಿ ಒಡೆಯುವ ಕಾರ್ಖಾನೆ. ಅದರಲ್ಲಿ ಧಣಿಯವರದೂ ಪಾಲು. ಅದರ ಕೊಳಕು ನೀರು ವರ್ಷಗಟ್ಟಲೆ ಈ ಹೊಲಕ್ಕೇ ಇಳಿದಿದೆ. ಆದರೆ ತಪ್ಪು ಕಾರ್ಖಾನೆಯದಲ್ಲ, ನನ್ನ ಕೈಗುಣದ್ದು. ನನ್ನದೊಂದೇ ಅಲ್ಲ, ನನ್ನ ಜೊತೆ ಕಳೆ ಕೀಳುವ ಹೆಂಗಸರೆಲ್ಲರದ್ದೂ. ಇಷ್ಟು ದೊಡ್ಡ ಹೊಲವನ್ನು ಬರಿಗೈಯಲ್ಲಿ ಸಾಯಿಸುವ ಶಕ್ತಿ ನಮಗಿದ್ದಿದ್ದರೆ ಬೇರೆ ಏನೇನನ್ನೋ ಮುಟ್ಟಿ ನೋಡುತ್ತಿದ್ದೆವು.

ಮರುವರ್ಷ ಕನ್ನಡಕದ ಸಾಹೇಬರೊಬ್ಬರು ಬಂದು ಹೊಲದ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋದರು. ಆಮೇಲೆ ಸಾಸಿವೆ ಬಿತ್ತಿಸಿದರು. ಯಾಕೆ ಅಂತ ನಮಗೆ ಯಾರು ಹೇಳುತ್ತಾರೆ? ಸಾಹೇಬರು ಧಣಿಗೆ ಹೇಳಿದರು, ಧಣಿ ಮೇಸ್ತ್ರಿಗೆ ಹೇಳಿದರು, ಮೇಸ್ತ್ರಿ ನಮಗೆ "ಬಗ್ಗಿ" ಅಂದ. ಬಗ್ಗಿದೆವು.

ಸಾಸಿವೆ ಮಾತ್ರ ಸೊಕ್ಕಿ ಬೆಳೆಯಿತು. ಎಲೆ ಒಂದೊಂದೂ ಅಂಗೈಗಿಂತ ಅಗಲ. ನನ್ನ ಕೈಗುಣ ಸುಧಾರಿಸಿತು ಅಂತ ಧಣಿ ಹೇಳಲಿಲ್ಲ. ಅವರು ಹೇಳಿದ್ದು ಅದಕ್ಕಿಂತ ದೊಡ್ಡ ಮಾತು.

"ಏ, ಆ ಸೊಪ್ಪು ಕಿತ್ಕೊಂಡು ಹೋಗ್ರೇ. ಎಷ್ಟು ಬೇಕೋ ಅಷ್ಟು ಒಯ್ಯಿರಿ. ಪುಕ್ಕಟೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಧಣಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಹಿಂದೊಮ್ಮೆ ನಮ್ಮ ಜೊತೆಯ ಬೊಚ್ಚಕ್ಕ ಬದುವಿನ ಮೇಲಿನ ಹಿಡಿ ಹುಲ್ಲು ಕೊಯ್ದಳು ಅಂತ ಎಲ್ಲರೆದುರು ಅವಳ ಸೆರಗು ಬಿಚ್ಚಿಸಿ ಕೊಡವಿಸಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲದ ಆ ಮುದುಕಿಯೇ ಈಗ ಎರಡೂ ಕೈ ಎತ್ತಿ, "ನಿಮ್ಮ ಹೊಟ್ಟೆ ತಣ್ಣಗಿರಲಿ ಧಣಿ" ಅಂದಳು.

ದಿನಾ ಕೆಲಸ ಮುಗಿದ ಮೇಲೆ ಮಡಿಲು ತುಂಬ ಕಿತ್ತುಕೊಂಡು ಹೋದೆವು. ನನ್ನ ಮಗಳು ಬಸುರಿ, ನನ್ನ ಜೊತೆಯಲ್ಲೇ ಕಳೆ ಕೀಳುವವಳು. ಆಸ್ಪತ್ರೆಯ ನರ್ಸಮ್ಮ "ರಕ್ತ ಕಮ್ಮಿ ಇದೆ, ಸೊಪ್ಪು ತಿನ್ನಿಸಿ" ಅಂದಿದ್ದರು. ತಿನ್ನಿಸಿದೆ. "ಸಾಕಮ್ಮಾ, ಬಾಯೆಲ್ಲ ಒಂಥರಾ ಆಗ್ತದೆ" ಅಂದರೆ, "ಹೊಟ್ಟೇಲಿರೋದಕ್ಕೆ ಬೇಡ್ವೇನೇ? ನುಂಗು" ಅಂತ ಗದರಿ ಇನ್ನಷ್ಟು ಬಡಿಸಿದೆ.

ಒಂದು ಬೆಳಗ್ಗೆ ಹೊಲಕ್ಕೆ ಲಾರಿ ಬಂತು. ಇಳಿದ ಆಳುಗಳಿಗೆ ಮೈತುಂಬ ಪ್ಲಾಸ್ಟಿಕ್ ಅಂಗಿ, ಮೂಗಿಗೆ ಮಾಸ್ಕು, ಮೊಣಕೈವರೆಗೆ ರಬ್ಬರಿನ ಕೈಗವಸು. ನಾವು ಸೆರಗು ಬಾಯಿಗಿಟ್ಟು ನಕ್ಕೆವು. ಸಾಸಿವೆ ಗಿಡ ಕೀಳೋಕೆ ಇಷ್ಟೊಂದು ಸಿಂಗಾರವೇ? ಅವರು ಗಿಡಗಳನ್ನು ಬೇರುಸಮೇತ ಕಿತ್ತು, ದಪ್ಪ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಲಾರಿಗೆ ಏರಿಸತೊಡಗಿದರು. ಬೊಚ್ಚಕ್ಕ ತಡೆಯಲಾರದೆ ಒಬ್ಬನನ್ನು ಕೇಳಿದಳು.

"ಯಾವ ಸಂತೆಗಪ್ಪಾ ಇದು?"

"ಸಂತೆಗಲ್ಲಜ್ಜಿ, ಗುಂಡಿಗೆ. ಬ್ಯಾಟರಿ ಸೀಸ ಈ ಮಣ್ಣಲ್ಲಿ ಇಳಿದಿದೆಯಲ್ಲ, ಅದನ್ನ ಎಳ್ಕೊಳ್ಳಲಿ ಅಂತಾನೇ ಈ ಗಿಡ ಹಾಕಿರೋದು. ಈಗ ಪೂರಾ ವಿಷ. ದನಕ್ಕೂ ಹಾಕೋ ಹಾಗಿಲ್ಲ. ಸಾಗಿಸೋ ಖರ್ಚು ಹೊಲದೋರದ್ದು. ತೂಕದ ಮೇಲೆ ಬಾಡಿಗೆ."

ನಗು ಬಾಯಲ್ಲೇ ನಿಂತಿತು. ಮಗಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳು ನನ್ನ ಕಡೆ ತಿರುಗಿ ನೋಡಿದಳು.

ಧಣಿಯವರ ದೊಡ್ಡ ಮನಸ್ಸು ಆಗ ಅರ್ಥವಾಯಿತು. ಗುಂಡಿಗೆ ಸಾಗಿಸಲು ಬಾಡಿಗೆ ಕೊಡಬೇಕು. ನಮ್ಮ ಹೊಟ್ಟೆಗಾದರೆ ನಾವೇ ಹೊತ್ತುಕೊಂಡು ಹೋಗುತ್ತೇವೆ, ಹೋಗುವಾಗ ಹರಸಿಯೂ ಹೋಗುತ್ತೇವೆ.

ಅಷ್ಟರಲ್ಲಿ ಕನ್ನಡಕದ ಸಾಹೇಬರು ಧಣಿಯ ಜೊತೆ ಬಂದರು. ಲಾರಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು? ಲಾರಿ ತುಂಬಬೇಕಿತ್ತು, ಅರ್ಧನೂ ಆಗಿಲ್ಲ. ಗಿಡದಲ್ಲಿ ಬರೀ ದಂಟಿದೆ, ಎಲೆ ಎಲ್ಲಿ? ಒಂದೆಲೆನೂ ಹೊಲದಿಂದ ಹೊರಗೆ ಹೋಗ್ಬಾರ್ದು ಅಂದಿದ್ನಲ್ಲ?"

"ಏನ್ ಹೇಳ್ಲಿ ಸಾರ್, ಕಳ್ಳ ಮುಂಡೇವು" ಅಂದರು ಧಣಿ, ರೆಪ್ಪೆ ಕೂಡ ಅಲುಗಿಸದೆ. "ಎಷ್ಟು ಬಡ್ಕೊಂಡ್ರೂ ಕೇಳಲ್ಲ, ಕದ್ದು ತಿಂದಿದಾವೆ. ಕೂಳು ಕಂಡ್ರೆ ಬಾಯಿ ಬಿಡೋ ಜನಕ್ಕೆ ವಿಷ ಯಾವ್ದು, ಅನ್ನ ಯಾವ್ದು!"

ಸಾಹೇಬರು ನಮ್ಮ ಕಡೆ ತಿರುಗಿ "ಛೆ ಛೆ" ಅಂದರು. ಓದಿದ್ದಕ್ಕೆ ಅಷ್ಟಾದರೂ ಮರುಕ ಬಂತಲ್ಲ. "ಇನ್ಮೇಲೆ ತಿನ್ಬೇಡಿ, ಆಯ್ತಾ?" ಅಂತ ಬುದ್ಧಿಯನ್ನೂ ಹೇಳಿದರು. ಒಂದು ಗಿಡವೂ ಉಳಿಯದ ಹೊಲದಲ್ಲಿ ನಿಂತು ಹೇಳಿದ ಬುದ್ಧಿ ಅದು. ಆಮೇಲೆ ಡ್ರೈವರನಿಗೆ ಹೊರಡು ಅಂತ ಕೈ ಬೀಸಿದರು.

ಲಾರಿಯ ಹಿಂದಿನ ಹಲಗೆ ಇನ್ನೂ ತೆರೆದೇ ಇತ್ತು. ನಾನು ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಚೀಲದ ಮೇಲೆ ಕೂತೆ.

"ಏ, ಎಲ್ಲಿಗೇ?" ಅಂತ ಧಣಿ ಕೂಗಿದರು.

"ಉಳಿದರ್ಧ ಸೊಪ್ಪು ಹುಡುಕ್ತಾ ಇದ್ರಲ್ಲ" ಅಂತ ಹೊಟ್ಟೆ ತಟ್ಟಿ ತೋರಿಸಿದೆ. "ಇಲ್ಲಿದೆ."

ಹೆಂಗಸರು ಒಬ್ಬೊಬ್ಬರಾಗಿ ಹತ್ತತೊಡಗಿದರು. ಬೊಚ್ಚಕ್ಕನನ್ನು ಇಬ್ಬರು ಎತ್ತಿ ಕೂರಿಸಿದರು. ಕೂತವಳೇ ಡ್ರೈವರನ ಕಡೆ ಬಗ್ಗಿ, "ತೂಕ ಹಾಕೋವಾಗ ನನ್ನ ಮರೀಬೇಡಪ್ಪಾ. ಧಣಿ ಬಾಡಿಗೆ ಕೊಡ್ತಾರೆ" ಅಂದಳು.

ಸಾಹೇಬರು ಗಾಬರಿಯಾದರು. "ಇಳೀರಮ್ಮಾ! ಅದು ವಿಷ, ಅದರ ಮೇಲೆ ಕೂರ್ಬಾರ್ದು!"

"ಗೊತ್ತಾಯ್ತು ಸ್ವಾಮಿ. ಒಂದೆಲೆನೂ ಹೊರಗೆ ಹೋಗ್ಬಾರ್ದು ಅಂದ್ರಲ್ಲ? ನಮ್ಮನ್ನ ಹೊರಗೆ ಬಿಟ್ಟು ಹೋಗ್ತೀರಾ?" ಅಂದೆ.

"ಎಳೆದು ಹಾಕ್ರೋ ಆ ಸೂಳೇರ್ನ!" ಧಣಿ ಅರಚಿದರು. ಪ್ಲಾಸ್ಟಿಕ್ ಅಂಗಿಯವರು ಯಾರೂ ಮುಂದೆ ಬರಲಿಲ್ಲ. ಡ್ರೈವರ್ ಎಂಜಿನ್ ಆರಿಸಿ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತ.

ಕೊನೆಗೆ ಉಳಿದವಳು ನನ್ನ ಮಗಳು. ಹೊಟ್ಟೆ ಹೊತ್ತುಕೊಂಡು ಚಕ್ರ ಏರಲು ಅವಳಿಗೆ ಆಗಲಿಲ್ಲ. ಬೊಚ್ಚಕ್ಕನಿಗೆ ಗುಂಡಿಯ ವಿಷಯ ಹೇಳಿದ ಆಳೇ ಮುಂದೆ ಬಂದು, "ನಿಧಾನ ತಂಗಿ, ಹುಷಾರು" ಅಂತ ಕೈ ಚಾಚಿದ. ಅವಳು ಹಿಡಿದುಕೊಂಡಳು. ಅವನ ದನಿಯಲ್ಲಿ ಒಡಹುಟ್ಟಿದವನ ಪ್ರೀತಿಯೇ ಇತ್ತು.

ಕೈಗವಸು ಮಾತ್ರ ಅವನು ತೆಗೆಯಲಿಲ್ಲ.