ಸುಣ್ಣದ ಕೆಳಗಿನ ಕತ್ತೆಗಳು

ಈಸ್ಟರ್ ಬಂತೆಂದರೆ ಆ ದ್ವೀಪದಲ್ಲಿ ಸುಣ್ಣ ಕಾಣದ ಗೋಡೆ ಉಳಿಯುವುದಿಲ್ಲ. ಮರೂಸೊಗಂತೂ ಸುಣ್ಣದ ಹುಚ್ಚು. ಅಂಗಳದಲ್ಲಿ ಮಲಗಿದ ಬೆಕ್ಕು ಎದ್ದು ಓಡದಿದ್ದರೆ ಅದಕ್ಕೂ ಒಂದು ಕೈ ಬಳಿದಾಳು. ಹಬ್ಬ ಕಳೆದ ಮೇಲೆ ಅವಳ ಅಂಗಳದ ಗೋಡೆಯ ಮೇಲೆ ಪಕ್ಕದ ಮನೆಯ ಕವಿ ಅನಾರ್ಗಿರೋಸ್ ಒಂದು ನೀಲಿ ಕತ್ತೆ ಬಿಡಿಸಿ, ಅದರ ಕಾಲ ಬಳಿ ಹೊಸ ಪದ್ಯ ಬರೆಯುತ್ತಿದ್ದ. ಮರುವರ್ಷ ಮರೂಸೊ ಎರಡನ್ನೂ ಬಳಿದು ಹಾಕುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಬೇಸರವಿರಲಿಲ್ಲ.

ಆಮೇಲೆ ಕವಿಯ ಕೈ ನಡುಗತೊಡಗಿತು. ಅವನು ಕುಂಚ ಎತ್ತಿಟ್ಟುಬಿಟ್ಟ. ಕೊನೆಯ ಕತ್ತೆಯಾದರೂ ಇರಲಿ ಎಂದು ಮರೂಸೊ ಆ ಗೋಡೆಯೊಂದನ್ನು ಬಳಿಯದೆ ಬಿಟ್ಟಳು. ಅದಕ್ಕೆ ಅಕ್ಕಪಕ್ಕದ ಹೆಂಗಸರು ಆಡಿದ ಕೊಂಕುಮಾತನ್ನೂ ನುಂಗಿಕೊಂಡಳು.

ಈ ಸಲ ಆ ಕತ್ತೆಯ ಫೋಟೊ ತೆಗೆಯಲು ಅಥೆನ್ಸಿನ ಚಿತ್ರಶಾಲೆಯವರು ಮಧ್ಯಾಹ್ನದ ದೋಣಿಗೆ ಬರುವವರಿದ್ದರು. ದೊಡ್ಡ ಮನುಷ್ಯರು ಬರುವಾಗ ಅಂಗಳ ಕೊಳಕಾಗಿರಬಹುದೇ? ಆ ಗುಂಗಿನಲ್ಲೇ ಬೆಳಿಗ್ಗೆ ಬಳಿಯುತ್ತ ಹೋದವಳ ಕೈ ಎಲ್ಲಿಯೂ ನಿಲ್ಲಲಿಲ್ಲ, ಕತ್ತೆಯ ಗೋಡೆಯಲ್ಲೂ.

“ಏನ್ ಮಾಡ್ದೆ ಮಾರಾಯ್ತಿ! ಅವ್ರು ಬರ್ತಿರೋದೇ ಅದನ್ನ ನೋಡೋಕೆ!” ಬೇಲಿಯಾಚೆಯಿಂದ ಅನಾರ್ಗಿರೋಸ್ ಚೀರಿದ.

ಮರೂಸೊ ಕುಂಚ ಇಳಿಸಿ ನೋಡಿದಳು. ಗೋಡೆ ಹಾಲಿನಷ್ಟು ಬಿಳುಪಾಗಿತ್ತು. ಅಳು ಬಂತು; ಅವನೆದುರು ಅಳಲು ಮನಸ್ಸಾಗಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ತಂದು ಸುಣ್ಣಕ್ಕೆ ಸುರಿದು ಕಲಕಿದಳು.

“ತಗೋ, ಬರಿ.”

“ಈ ಕೈಲಾ? ಕಾಫಿ ಹಿಡಿದ್ರೆ ಅರ್ಧ ಅಂಗಿ ಮೇಲೆ ಚೆಲ್ಲುತ್ತೆ ಕಣೇ.”

“ನಿನ್ನ ಕತ್ತೆ ಯಾವತ್ತು ನೆಟ್ಟಗಿತ್ತೋ? ಕೊನೇದು ಮೇಕೆ ಥರ ಇತ್ತು. ಪಾಪ ಅಂತ ಸುಮ್ನಿದ್ದೆ.”

“ಮೇಕೆನಾ!” ಕವಿಗೆ ರೋಷ ಉಕ್ಕಿತು. ಬೇಲಿ ದಾಟಿ ಬಂದವನೇ ಕುಂಚ ಕಿತ್ತುಕೊಂಡು ಗೋಡೆಗೆ ನುಗ್ಗಿದ.

ಬೆನ್ನಿನ ಗೆರೆ ಅಲುಗಿತು, ಕಿವಿ ಅಲುಗಿತು, ಬಾಲವಂತೂ ಎಲ್ಲೆಲ್ಲಿಗೋ ಹೋಯಿತು. ಹಸಿ ಸುಣ್ಣ ನೀಲಿಯನ್ನು ಹೀರಿಕೊಂಡಿತು. ಅನಾರ್ಗಿರೋಸನ ಮುಖ ಸಣ್ಣದಾಯಿತು.

“ನೋಡು, ಚಳಿಗೆ ನಡುಗ್ತಿದೆ.”

“ಚಳಿಗಲ್ಲ. ನಗ್ತಿದೆ,” ಎಂದಳು ಮರೂಸೊ.

ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನಿಜವಾಗಿಯೂ ಕತ್ತೆ ಹೊಟ್ಟೆ ಕುಲುಕಿಸಿ ನಗುತ್ತಿತ್ತು. ಅವನಿಗೂ ನಗು ಬಂತು. ಹಬ್ಬದ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಅಕ್ಕಪಕ್ಕದ ಹೆಂಗಸರು ಓಡಿಬಂದರು. ಅನಾರ್ಗಿರೋಸ್ ನಗುವ ಕತ್ತೆಯ ಬಗ್ಗೆ ಪದ್ಯ ಕಟ್ಟಿ, ಒಂದೊಂದು ಸಾಲನ್ನೂ ಕೂಗಿ ಹೇಳುತ್ತ ಬರೆದ.

ಅತಿಥಿಗಳು ಬಂದಾಗ ಗೋಡೆ ಇನ್ನೂ ಹಸಿಯಾಗಿತ್ತು. ಅವರಲ್ಲೊಬ್ಬಾಕೆ ಬಹಳ ಹೊತ್ತು ನೋಡಿ, “ಇದು ಹಾಳಾಗಬಾರದು. ಮೇಲೆ ಗಾಜು ಹಾಕಿಸೋಣ,” ಎಂದಳು.

ಮೂಗಿನ ತುದಿ ನೀಲಿಯಾಗಿದ್ದ ಅನಾರ್ಗಿರೋಸ್ ಗಾಬರಿಯಿಂದ ಕೈಯಾಡಿಸಿದ.

“ಬೇಡಮ್ಮ, ಬೇಡ! ಮುಂದಿನ ಈಸ್ಟರಿಗೆ ಇವಳು ಸುಣ್ಣ ಬಳೀಬೇಕು. ನಾನು ಇನ್ನೊಂದು ಕತ್ತೆ ಬರೀಬೇಕಲ್ಲ.”

ಮರೂಸೊ ಈಗ ಅತ್ತಳು, ಎಲ್ಲರೆದುರೇ.